ತೂಬು ಒಡೆದವನ ಭಾವ

ಅರಮನೆಯ ಹಿಂದೆ ದೋಣಿ ಬಿಡಲು ಒಂದು ಕೊಳ ಬೇಕೆಂದು ರಾಜನಿಗೆ ಅನಿಸಿತು. ಕಾಲುವೆಯ ತೂಬು ಮುಚ್ಚಿ ನೀರನ್ನೆಲ್ಲ ಅತ್ತ ತಿರುಗಿಸಿದರು. ನೂಲು ಅದ್ದುವ ಬಣ್ಣಗಾರರ ಬೀದಿಯ ತೊಟ್ಟಿಗಳು ಒಣಗಿದವು. ಕೊಚ್ಚೆನೀರು ಕುಡಿದು ಕೂಸುಗಳು ಸತ್ತವು. ಬೇಡಿಕೊಳ್ಳಲು ಹೋದವರಿಗೆ ಬಾಗಿಲಲ್ಲೇ ಲಾಠಿ ಏಟು ಬಿತ್ತು. ಕೊನೆಗೆ ಒಬ್ಬ ಬಣ್ಣಗಾರ ಹಾರೆ ಹಿಡಿದು, ಹಾಡಹಗಲೇ ತೂಬು ಒಡೆದುಹಾಕಿದ.

ಅವನ ವಿಚಾರಣೆ ನಡೆಸಿದವನು ಅವನ ಹೆಂಡತಿಯ ಸ್ವಂತ ಅಣ್ಣ, ಆಸ್ಥಾನದ ನ್ಯಾಯಾಧೀಶ. ರಾಜ ಕೆಮ್ಮಿದರೆ ಇವನಿಗೆ ನೆಗಡಿಯಾಗುತ್ತಿತ್ತು.

“ದೊರೆ ಅಂದ್ರೆ ತಂದೆ ಇದ್ದ ಹಾಗೆ. ತಂದೆ ಎಷ್ಟೇ ಕೆಟ್ಟೋನಾದ್ರೂ ಮಗ ಕೈ ಎತ್ತಬಹುದಾ?” ಎಂದ ನ್ಯಾಯಾಧೀಶ.

“ಮಕ್ಕಳ ಬಾಯಿಂದ ನೀರು ಕಿತ್ಕೊಳ್ಳೋನು ಎಂಥ ತಂದೆ, ಭಾವ?”

“ಇಲ್ಲಿ ಭಾವ ಗೀವ ಯಾರೂ ಇಲ್ಲ. ದಂಗೆ ಯಾವತ್ತಿದ್ರೂ ಪಾಪ.”

ಕಲ್ಲುಗಣಿಯಲ್ಲಿ ಜೀತದ ಶಿಕ್ಷೆಯಾಯಿತು. ಅಳುತ್ತ ನಿಂತ ತಂಗಿಯತ್ತ ಅಣ್ಣ ತಿರುಗಿಯೂ ನೋಡಲಿಲ್ಲ. ಊಟದ ಹೊತ್ತಾಗಿತ್ತು.

ಕೆಲವು ವರ್ಷಗಳಲ್ಲಿ ಸೇನಾಪತಿಯೇ ರಾಜನನ್ನು ಓಡಿಸಿ ಗದ್ದುಗೆ ಏರಿದ; ಜನರನ್ನು ಒಲಿಸಿಕೊಳ್ಳಲು ತೂಬು ತೆರೆಸಿದ, ಕೈದಿಗಳನ್ನು ಬಿಡಿಸಿದ. ನ್ಯಾಯಾಧೀಶ ಗಾಳಿ ಬಂದತ್ತ ತೂರಿಕೊಂಡ. ಕೆಟ್ಟ ದೊರೆಯ ವಿರುದ್ಧ ದಂಗೆ ಏಳುವುದು ಪ್ರಜೆಯ ಧರ್ಮವೆಂದು ಅದೇ ಗಂಟಲಲ್ಲಿ, ಅದೇ ಗಾಂಭೀರ್ಯದಲ್ಲಿ ಚೌಕದಲ್ಲಿ ನಿಂತು ಸಾರಿದ. ಆಮೇಲೆ ಹಾರ ಹಿಡಿದುಕೊಂಡು ತಂಗಿಯ ಮನೆಗೆ ಬಂದ.

“ನೀನೀಗ ವೀರ ಕಣಯ್ಯಾ! ನಾಳೆ ಸನ್ಮಾನ. ವೇದಿಕೆ ಮೇಲೆ ನನ್ನ ಪಕ್ಕಾನೇ ಕೂತ್ಕೋ.”

ಗಣಿಯಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಬಣ್ಣಗಾರ, ನೂಲು ಅದ್ದುತ್ತಲೇ ಕೇಳಿದ: “ಈ ಹೊಸ ದೊರೆನೂ ನೀರು ನಿಲ್ಲಿಸಿದ್ರೆ? ಆಗ ಒಡೀಬಹುದಾ?”

ನ್ಯಾಯಾಧೀಶ ಗಾಬರಿಯಿಂದ ಬೀದಿಯತ್ತ ನೋಡಿದ. “ಮೆಲ್ಲಗೆ! ಅದು ಬೇರೆ, ಇದು ಬೇರೆ. ಈಗ ಒಡೆದ್ರೆ ರಾಜದ್ರೋಹ ಆಗುತ್ತೆ.”

ತಂಗಿ ನಕ್ಕುಬಿಟ್ಟಳು. “ಅಣ್ಣಾ, ಆವತ್ತು ನೀನು ಹೇಳಿದ್ದನ್ನ ನೀನಾದ್ರೂ ನಂಬಿದ್ದೆ ಅನ್ಕೊಂಡಿದ್ದೆ. ನಂಬಿ ತಪ್ಪು ಮಾಡಿದೋನ ಮೇಲೆ ಸಿಟ್ಟಾದ್ರೂ ಮಾಡ್ಕೋಬಹುದು. ನಿನ್ನ ಮೇಲೆ ಸಿಟ್ಟೂ ದಂಡ. ಹೋಗು, ಹಾರ ಬಾಡುತ್ತೆ.”

ಅವನು ಹೋದ. ಮರುದಿನ ಸಭೆಯಲ್ಲಿ, ವೀರನಿಗೆ ಮೈ ಹುಷಾರಿಲ್ಲವೆಂದು ಹೇಳಿ, ಹತ್ತಿರದ ನೆಂಟನೆಂಬ ಹಕ್ಕಿನಿಂದ ಶಾಲನ್ನು ತಾನೇ ಹೊದ್ದುಕೊಂಡ. ಜನ ಚಪ್ಪಾಳೆ ತಟ್ಟಿದರು. ಅವನು ಕಣ್ಣೊರೆಸಿಕೊಂಡನಂತೆ.