ಬೀಗರಿಗಾಗಿ ಬೋಳಾದ ಬದು

ತೆಕ್ಕಲಕೋಟೆಯ ಸಾವಂತ್ರಮ್ಮನಿಗೆ ಸ್ವಚ್ಛತೆ ಅಂದರೆ ಪ್ರಾಣ. ಬಾದನಹಟ್ಟಿಯ ಬೀಗರು ಗದ್ದೆ ನೋಡಲು ಬರುತ್ತಾರೆಂದು ತಿಳಿದದ್ದೇ ತಡ, ಬದುವಿನ ಹುಲ್ಲನ್ನೆಲ್ಲ ಕೆರೆಸಿ ಸುಟ್ಟಳು. ಉಳಿದ ಬೇರಿಗೂ ಕಳೆನಾಶಕ ಹೊಡೆಸಿದಳು. ಬದು ಸಾರಿಸಿದ ಅಂಗಳದಂತಾಯಿತು. ಬೀಗಿತ್ತಿ ಬಾಯ್ತುಂಬ ಹೊಗಳಿದ ಮೇಲಂತೂ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭತ್ತ ತೆನೆ ಕಟ್ಟುವ ಹೊತ್ತಿಗೆ ಪೈರಿನ ರಸ ಹೀರುವ ಜಿಗಿಹುಳು ಬಿತ್ತು. ಗದ್ದೆಯಲ್ಲಿ ಅಲ್ಲಲ್ಲಿ ಪೈರು ಸುಟ್ಟಂತೆ ಒಣಗಿತು. ಮನೆಮಂದಿಯ ವರ್ಷದ ಅನ್ನ ಕಣ್ಣೆದುರೇ ಹೋಗುತ್ತಿದೆಯಲ್ಲ ಎಂದು ಅವಳು ಬದುವಿನ ಮೇಲೆ ಅತ್ತಿತ್ತ ಓಡಾಡಿದಳು. ಪಕ್ಕದ ಗದ್ದೆ, ಊರಿನ ರೈತರಿಗೆ ಬೇಸಾಯದ ಸಲಹೆ ಕೊಡುವ ಕೃಷಿ ಸಖಿ ಸರೋಜಾಳದು. ಅವಳ ಬದುವಿನ ತುಂಬ ಹುಲ್ಲು, ಮೂಲೆಗೊಂದು ಜಾಲಿ ಗಿಡ. ಅಲ್ಲಿ ಪೈರು ಹಸಿರಾಗೇ ಇತ್ತು.

"ಏನವಾ ಸರೋಜಾ, ನಿನ್ನ ಗದ್ದಿಗೆ ತಾಯತ ಕಟ್ಟೀಯೇನು?"

"ಬಾ ಅಕ್ಕ, ಇಲ್ಲಿ ಕುಂದ್ರು. ಬಾಯಿ ಮುಚ್ಚಿಕೆಂಡು ನೋಡು."

ಬಾಯಿ ಮುಚ್ಚುವುದು ಸಾವಂತ್ರಮ್ಮನಿಗೆ ಕಷ್ಟದ ಕೆಲಸ. ಆದರೂ ಕೂತಳು. ಹುಲ್ಲಿನ ಬುಡದಲ್ಲಿ ಜೇಡಗಳು. ನೀರಂಚಿನಲ್ಲಿ ಕಪ್ಪೆ. ಹೂವಿನ ಮೇಲೆ ಗುಲಗಂಜಿ ಹುಳು, ಜಾಲಿ ಟೊಂಗೆಯಲ್ಲಿ ಕಾಜಾಣ. ತನ್ನ ಬದುವಿನತ್ತ ತಿರುಗಿದರೆ ನಾಲ್ಕು ಇರುವೆ ಬಿಟ್ಟು ಏನೂ ಇಲ್ಲ.

"ಇಬ್ಬರದೂ ಒಂದ ಕಾಲುವಿ ನೀರು, ಒಂದ ಮಣ್ಣು. ಹಿಂಗ್ಯಾಕ?"

"ಕಪ್ಪಿಗೆ ಹಸಿ ಬೇಕು, ಜೇಡಕ್ಕ ಹುಲ್ಲು ಬೇಕು, ಹಕ್ಕಿಗೆ ಟೊಂಗಿ ಬೇಕು. ಎಷ್ಟು ನಮೂನಿ ಜಾಗ ಇರ್ತೈತೋ ಅಷ್ಟು ನಮೂನಿ ಜೀವ ಬರ್ತಾವು. ನಿನ್ನ ಬದು ಬಿಸಲಿಗೆ ಕಾದು ಹಂಚಾಗೈತಿ. ಜಿಗಿಹುಳ ತಿನ್ನೋವು ಎಲ್ಲಿ ಇರಬೇಕು?"

"ಹುಲ್ಲು ಬಿಟ್ರ ಹಾವು ಬರ್ತಾವಲ್ಲವಾ?"

"ಓಡಾಡೋ ದಾರಿ ಅಷ್ಟು ಕೊಯ್ಯಿ, ಉಳಿದದ್ದು ಬಿಡು. ಈಗ ಮೊದಲು ಗದ್ದಿ ನೀರು ಬಸಿ, ಯೂರಿಯಾ ನಿಲ್ಸು. ಔಷಧಿ ಬೇಕೋ ಬ್ಯಾಡೋ, ರೈತ ಸಂಪರ್ಕ ಕೇಂದ್ರದಾಗ ಕೇಳಾಮು."

ಸಾವಂತ್ರಮ್ಮ ಹಾಗೇ ಮಾಡಿದಳು. ಒಣಗಿದ್ದು ಹೋಯಿತು, ಉಳಿದದ್ದು ಕೈಗೆ ಬಂತು. ಮುಂದಿನ ಬೆಳೆಗೆ ಸಾವಂತ್ರಮ್ಮ ಬದುವಿನ ತಂಟೆಗೆ ಹೋಗಲಿಲ್ಲ. ಹುಲ್ಲು ಮೊಣಕಾಲೆತ್ತರ ಬೆಳೆಯಿತು, ಜಿಗಿಹುಳು ಎಲ್ಲೋ ಒಂದೊಂದು ಕಂಡಿತು. ಅಷ್ಟರಲ್ಲಿ ಬೀಗಿತ್ತಿ ಮತ್ತೆ ಬಂದಳು.

"ಏನ್ರೀ ಬೀಗರ, ಬದು ಕೆರಸಾಕ ಆಳು ಸಿಗಲಿಲ್ಲೇನು?"

"ಸಿಕ್ಕಾರ್ರೀ, ಹುಲ್ಲಾಗ ದುಡಿಯಾಕತ್ಯಾರ. ಇಲ್ಲಿ ಕುಂದರ್ರಿ, ಬಾಯಿ ಮುಚ್ಚಿಕೆಂಡು ನೋಡ್ರಿ!"

ಬೀಗಿತ್ತಿಗೆ ಹಾಗನ್ನಬಾರದಿತ್ತು. ಸಾವಂತ್ರಮ್ಮ ನಾಲಿಗೆ ಕಚ್ಚಿಕೊಂಡಳು. ಆದರೆ ಬೀಗಿತ್ತಿ ಸೀರೆ ಸರಿಮಾಡಿಕೊಂಡು ಕೂತೇಬಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ನಿಮ್ಮ ಬದುವಿನ ಮೇಲೆ ಒಂದು ಗಳಿಗೆ ಕೂತು ನೋಡಿ. ಬೆಂಕಿಪೊಟ್ಟಣ ಮಾತ್ರ ಮನೆಯಲ್ಲೇ ಇರಲಿ.