ವಾಸನೆಯಿಲ್ಲದ ಮದ್ದು

ಉದಯ ಮದ್ದು ಬಿಟ್ಟ ತೋಟದಲ್ಲಿ ಅಡಿಕೆ ಉದುರುವುದಿಲ್ಲ ಎಂಬ ಮಾತು ಕಡಬದ ಸುತ್ತಿನಲ್ಲಿ ಇತ್ತು. ಮಾತು ಪೂರ್ತಿ ಸುಳ್ಳೂ ಅಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮೈಲುತುತ್ತು ಮತ್ತು ಸುಣ್ಣ ಕಲಸಿ, ಕತ್ತಿಯ ಅಲಗು ಅದ್ದಿ ಹದ ನೋಡಿ, ಜಾರುವ ಮರ ಏರಿ ಗೊನೆಗೊನೆಗೂ ಹೊಡೆಯುವುದು ಅವನ ಕಸುಬು. ಮೀಸೆ ಮೂಡುವ ಕಾಲಕ್ಕೆ ಹಿಡಿದ ಪಂಪನ್ನು ನಲವತ್ತರ ಹತ್ತಿರ ಬಂದರೂ ಕೆಳಗಿಟ್ಟಿರಲಿಲ್ಲ. ಹಾಗಾಗಿ ರವೂಫ್ ಹಾಜಿಯ ಗೇರು ಗುಡ್ಡೆಯಲ್ಲಿ ಹೊಸ ಮದ್ದುಗಳ ಪರೀಕ್ಷೆ ನಡೆಸುತ್ತಾರೆ ಎಂದಾಗ ಪಂಪು ಹಿಡಿಯಲು ಅವನನ್ನೇ ಕರೆದರು.

ಅವನು ಕೂಲಿಯ ಆಸೆಗೆ ಒಪ್ಪಿದ್ದಲ್ಲ. ಆ ಗುಡ್ಡೆ ಅವನ ಮನೆಯ ನೆತ್ತಿಯ ಮೇಲೇ ಇತ್ತು. ಮನೆಯೊಳಗೆ ತಂಗಿ ಭವಿತಾ ಮಲಗಿದ್ದಳು.

ಭವಿತಾಳಿಗೆ ಮೂವತ್ತೆರಡು ವರ್ಷ. ತೂಕ ಎರಡನೇ ಕ್ಲಾಸಿನ ಮಗುವಿನದು. ಅವಳು ಹೊಟ್ಟೆಯಲ್ಲಿದ್ದಾಗ ಗೇರು ಮರಗಳಿಗೆ ಹೆಲಿಕಾಪ್ಟರಿನಿಂದ ಮದ್ದು ಸುರಿಯುತ್ತಿದ್ದರು. ಅವ್ವ ದೇವಮ್ಮ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತ ತಲೆಯೆತ್ತಿ ನೋಡಿದ್ದಳು. ಊರಿನ ಮಕ್ಕಳು ಕುಣಿದು ಕೈ ಬೀಸಿದ್ದರು. ಉದಯನೂ ಬೀಸಿದ್ದ. ಆ ಮದ್ದಿನ ಪರಿಹಾರ ಅಂತ ಈಗ ಸರಕಾರ ಪಿಂಚಣಿ ಕೊಡುತ್ತದೆ. ಭವಿತಾ ಮಾತಾಡುವುದಿಲ್ಲ, ಕೂರುವುದಿಲ್ಲ. ಉದಯನ ಹೆಜ್ಜೆ ಅಂಗಳದಲ್ಲಿ ಕೇಳಿದರೆ ಮಾತ್ರ ಗಂಟಲಿನಿಂದ ಒಂದು ಸ್ವರ ಹೊರಡಿಸುತ್ತಾಳೆ. ಅವಳನ್ನು ಎತ್ತುವುದು, ಬಿಸಿಲಿಗೆ ಒಯ್ಯುವುದು, ಆಸ್ಪತ್ರೆಗೆ ಹೊರುವುದು ಎಲ್ಲ ಅವನದೇ ಕೆಲಸ.

ಗೇರಿಗೆ ಬರುವ ಟೀ ಸೊಳ್ಳೆ ಹೆಸರಿಗಷ್ಟೇ ಸೊಳ್ಳೆ, ಮನುಷ್ಯರನ್ನು ಕಚ್ಚುವುದಿಲ್ಲ. ಎಳೆ ಚಿಗುರಿಗೆ ಸೂಜಿಯಂಥ ಮೂತಿ ಚುಚ್ಚಿ ರಸ ಹೀರುತ್ತದೆ. ಹೀರಿದಲ್ಲಿ ಕಪ್ಪು ಕಲೆಯಾಗಿ, ಹೂಗೊಂಚಲು ಬೆಂಕಿ ತಗಲಿದಂತೆ ಕರಟುತ್ತದೆ. ಹಿಂದಿನ ವರ್ಷ ಗುಡ್ಡೆ ಕೊಂಡ ಹೊಸದರಲ್ಲಿ ಹಾಜಿ ಕೆಮಿಕಲ್ ಮದ್ದು ಹೊಡೆಸಿದ್ದರು. ಅದೇ ದಿನ ಸಂಜೆ ಭವಿತಾಳ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು ಫಿಟ್ಸ್ ಶುರುವಾಯಿತು, ನಿಲ್ಲಲಿಲ್ಲ. ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು, "ಇನ್ನೊಂದು ಸಲ ಹೀಗಾದ್ರೆ ಇವಳ ಹಾರ್ಟ್ ತಡೀಲಿಕ್ಕಿಲ್ಲ" ಎಂದು ನೇರವಾಗಿ ಹೇಳಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ದೇವಮ್ಮ ಹಾಜಿಯ ಮನೆಯ ಮೆಟ್ಟಿಲಲ್ಲಿ ಹೋಗಿ ಕೂತಿದ್ದಳು. ಹಾಜಿ ಕಲ್ಲು ಹೃದಯದವರಲ್ಲ.

"ದೇವಮ್ಮಕ್ಕ, ಸೌದಿಯ ದಮ್ಮಾಮಿನಲ್ಲಿ ದುಡಿದದ್ದೆಲ್ಲ ಈ ಗುಡ್ಡೆಗೆ ಹಾಕಿದ್ದೇನೆ" ಎಂದಿದ್ದರು. "ಬರುವ ವರ್ಷ ಜೈವಿಕ ಮದ್ದಿನ ಪರೀಕ್ಷೆ ಮಾಡ್ತಾರಂತೆ, ನಮ್ಮಲ್ಲೇ. ಅದು ಹುಳ ಕೊಂದ್ರೆ ಮತ್ತೆ ಆ ಕೆಮಿಕಲ್ ಗುಡ್ಡೆ ಹತ್ತುದಿಲ್ಲ. ಅಲ್ಲಾಹನ ಆಣೆ. ಕೊಲ್ಲದಿದ್ರೆ ನಾನೆಂತ ಮಾಡ್ಲಿ, ನೀವೇ ಹೇಳಿ."

ಪರೀಕ್ಷೆಗೆ ಬಂದವಳು ಮುಫೀದಾ. ಉಪ್ಪಿನಂಗಡಿಯ ಹುಡುಗಿ, ಕೀಟಶಾಸ್ತ್ರದಲ್ಲಿ ಎಂಎಸ್ಸಿ, ಕಂಪೆನಿಗಳ ಮದ್ದು ಪರೀಕ್ಷಿಸುವ ಏಜೆನ್ಸಿಯೊಂದರಲ್ಲಿ ಕೆಲಸ. ಗುಡ್ಡೆಯ ಕೆಲವು ಮರಗಳಿಗೆ ಕೆಂಪು, ಹಳದಿ, ಬಿಳಿ ರಿಬ್ಬನ್ ಕಟ್ಟಿದಳು. ಒಂದು ಬಣ್ಣಕ್ಕೆ ಕೆಮಿಕಲ್, ಒಂದಕ್ಕೆ ಜೈವಿಕ, ಒಂದಕ್ಕೆ ಬರೀ ನೀರು. ಬಾಟಲಿ, ಪ್ಯಾಕೆಟುಗಳ ಹೆಸರಿನ ಮೇಲೆ ಕಾಗದ ಅಂಟಿಸಿತ್ತು.

"ಯಾವುದು ಯಾವುದಂತ ಹೊಡೆಯುವವರಿಗೆ ಗೊತ್ತಿರಬಾರ್ದು ಉದಯಣ್ಣ. ಗೊತ್ತಿದ್ರೆ ಕೈ ಒಂದು ಕಡೆ ವಾಲ್ತದೆ."

"ನನ್ನ ಕೈಯಾ?"

"ಯಾರ ಕೈಯಾದ್ರೂ."

ಕಾಗದ ಅಂಟಿಸಿದರೆ ಕಣ್ಣು ಮುಚ್ಚೀತು, ಮೂಗು ಮುಚ್ಚುವುದಿಲ್ಲ. ಕೆಂಪು ಮರಗಳ ಬಾಟಲಿ ತೆರೆದಾಗಲೇ ಹಿಂದಿನ ವರ್ಷದ ಆ ನಾತ ಹೊಡೆಯಿತು. ಆ ಮರಗಳು ಬೆರಳೆಣಿಕೆಯವು, ಮನೆಯಿಂದ ದೂರ ಗುಡ್ಡೆಯ ಆಚೆ ಇಳಿಜಾರಿನಲ್ಲಿ ಇದ್ದದ್ದು ಪುಣ್ಯ. ಹಳದಿಯದು ಬಿಳಿ ಹುಡಿ. ಉದಯ ಚಿಟಿಕೆ ತೆಗೆದು ಮೂಸಿದ. ಏನೂ ಇಲ್ಲ.

"ಹಲ್ಲುಜ್ಜುವ ಪೌಡರಿನ ಹಾಗೆ ಉಂಟಲ್ಲ ಮೇಡಂ."

"ಹಲ್ಲುಜ್ಜಬೇಡಿ ಮಾರಾಯ್ರೆ" ಎಂದಳು ಮುಫೀದಾ. ಅದೇನೆಂದು ಹೇಳಲಿಲ್ಲ. ಹೇಳಬಾರದೆಂಬ ನಿಯಮವಿತ್ತು.

ಮೊದಲ ದಿನ ನೀರು ಹೊಡೆದು ಪಂಪು ನೋಡಿದ್ದಷ್ಟೆ. ಸಂಜೆ ಭವಿತಾಳ ಬಾಯಿಗೆ ಗಂಜಿ ಇಡುತ್ತ ದೇವಮ್ಮ ಕೇಳಿದಳು. ಮನೆಯೊಳಗೆ ಅವರದು ಅರೆಭಾಷೆ.

"ವಾಸನೆ ಉಟ್ಟಾ ಅದ್ಕೆ?"

"ಇಲ್ಲೆ."

"ವಾಸನೆ ಇಲ್ಲದ್ರಲ್ಲಿ ಹುಳ ಹೆಂಗೆ ಸಾಯ್ದು?"

ಉದಯನ ತಲೆಯಲ್ಲೂ ಅದೇ ಕೊರೆಯುತ್ತಿತ್ತು. ಇಷ್ಟು ವರ್ಷ ಅವನು ಕಂಡ ಮದ್ದುಗಳೆಲ್ಲ ಒಂದೋ ಮೂಗಿಗೆ ಹೊಡೆಯುತ್ತಿದ್ದವು, ಇಲ್ಲವೇ ಎಲೆಯ ಮೇಲೆ ಬಣ್ಣ ಬಿಟ್ಟು ನಾನಿದ್ದೇನೆ ಎನ್ನುತ್ತಿದ್ದವು. ಇದು ಎರಡೂ ಅಲ್ಲ. ಇಂಥ ಮದ್ದನ್ನು ನಂಬಿ ತಂಗಿಯ ಜೀವ ಒತ್ತೆ ಇಡುವುದು ಹೇಗೆ? ಅವನಿಗೆ ನಂಬಿಕೆ ಇದ್ದದ್ದು ಒಂದೇ ಒಂದರ ಮೇಲೆ. ಅದು ಅವನಿಗೆ ಯಾವತ್ತೂ ಕೈ ಕೊಟ್ಟಿರಲಿಲ್ಲ. ಭವಿತಾಳಿಗೂ ಅದರಿಂದ ತೊಂದರೆಯಾಗಿರಲಿಲ್ಲ. ಮೈಲುತುತ್ತಿನ ಚೀಲಗಳು ಅವಳ ಪಕ್ಕದ ಕೋಣೆಯಲ್ಲೇ ಪ್ರತಿ ಮಳೆಗಾಲ ಕಳೆದಿದ್ದವು.

ಬೆಳಿಗ್ಗೆ ಎರಡು ಬಾಟಲಿ ಒಯ್ದ. ಒಂದರಲ್ಲಿ ಮೈಲುತುತ್ತಿನ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ತಿಳಿ. ಮುಫೀದಾ ಹುಡಿ ತೂಗಿ, ಡ್ರಮ್ಮಿಗೆ ಕಲಸಿ, ಮೇಲಿನ ಸಾಲಿನ ಚಿಗುರುಗಳನ್ನು ನೋಡಲು ಹತ್ತಿಹೋದಳು. ಅವಳ ಬೆನ್ನು ಮರೆಯಾದ ಕೂಡಲೇ ಎರಡನ್ನೂ ಡ್ರಮ್ಮಿಗೆ ಸುರಿದು ಕೋಲಿನಿಂದ ತಿರುವಿದ. ಜಾಸ್ತಿ ಏನಲ್ಲ, ಅಡಿಕೆಗೆ ಕೊಡುವುದರ ಅರ್ಧ. ಹುಡಿಗೆ ಸ್ವಲ್ಪ ಬಲ ಬರಲಿ ಅಂತ. ಆಮೇಲೆ ಹಳದಿ ಮರಗಳಿಗೆ ಹೊಡೆದ ಚಂದವೇ ಬೇರೆ. ಚಿಗುರಿನ ಮೇಲೆ, ಕೆಳಗೆ, ಕಂಕುಳಲ್ಲಿ ಎಲ್ಲೂ ಒಣಗು ಉಳಿಯದಂತೆ ಹೊಡೆದ.

ಎರಡನೇ ಸುತ್ತಿನಲ್ಲೂ ಹಾಗೇ ಮಾಡಿದ.

ಫಲಿತಾಂಶ ನೋಡುವ ಬೆಳಿಗ್ಗೆ ಹಾಜಿಯೂ ಬಂದಿದ್ದರು. ಕೆಂಪು ಮರಗಳಲ್ಲಿ ಹೂ ತಿಳಿಗುಲಾಬಿಯಾಗಿ ಅರಳಿತ್ತು. ನೀರು ಹೊಡೆದ ಬಿಳಿ ಮರಗಳ ಹೂ ಮುಕ್ಕಾಲು ಕರಟಿತ್ತು. ಹಳದಿ ಮರಗಳೂ ಹಾಗೇ ಕರಟಿದ್ದವು. ಕೆಲವು ಚಿಗುರಿನ ಮೇಲೆ ಹುಳಗಳು ಹಾಯಾಗಿ ಕೂತಿದ್ದವು. ಉದಯ ಒಂದು ಮರದಿಂದ ಇನ್ನೊಂದಕ್ಕೆ ಹೋದ. ಮತ್ತೊಂದಕ್ಕೆ ಹೋದ.

"ನೀರಿಗೂ ಇದಕ್ಕೂ ವ್ಯತ್ಯಾಸ ಎಂತ ಉಂಟು?" ಎಂದರು ಹಾಜಿ. "ನಾನು ಬೇಕಂತ ಮಾಡುದಲ್ಲ ಉದಯ. ಅವ್ವನಿಗೆ ಹೇಳು." ಹೆಚ್ಚು ನಿಲ್ಲದೆ ಇಳಿದುಹೋದರು.

ಮುಫೀದಾ ಒಂದು ಚಿಗುರು ಬಗ್ಗಿಸಿ ಎಲೆ ಮತ್ತು ಟೊಂಗೆ ಕೂಡುವ ಸಂದಿಗೆ ಭೂತಗನ್ನಡಿ ಹಿಡಿದಳು. ಬೆರಳಿನಿಂದ ಕೆರೆದು ಬಿಸಿಲಿಗೆ ಹಿಡಿದು ನೋಡಿದಳು. ಈ ಊರಿನಲ್ಲಿ ಹುಟ್ಟಿದ ಯಾರಿಗೂ ಆ ನೀಲಿಯನ್ನು ಬೇರೆಯವರು ಪರಿಚಯ ಮಾಡಿಕೊಡಬೇಕಾಗಿಲ್ಲ.

"ಉದಯಣ್ಣ. ಇದೆಂತ?"

ಅವನು ಗೇರಿನ ತರಗೆಲೆ ನೋಡುತ್ತ ನಿಂತ.

"ಡ್ರಮ್ಮು ತೊಳೀಲಿಲ್ವಾ, ಅಥವಾ ಹಾಕಿದ್ದಾ?"

"ಹಾಕಿದ್ದು. ಬಲ ಬರ್ಲಿ ಅಂತ."

ಮುಫೀದಾ ಅಲ್ಲೇ ಒಂದು ಮುರಕಲ್ಲಿನ ಮೇಲೆ ಕೂತಳು. ಬೆರಳಿಗೆ ಅಂಟಿದ ನೀಲಿಯನ್ನು ಒರೆಸುತ್ತ ಕೇಳಿದಳು. "ಕೊಳೆರೋಗ ಅಂದ್ರೆ ಎಂತ ಗೊತ್ತುಂಟಾ ನಿಮಗೆ?"

"ಬೂಸ್ಟು. ಕಾಯಿಗೆ ಬೂಸ್ಟು ಹಿಡಿಯುದು."

"ಮೈಲುತುತ್ತು ಎಂತ ಮಾಡ್ತದೆ?"

"ಬೂಸ್ಟನ್ನು ಕೊಲ್ತದೆ."

"ಆ ಬಿಳಿ ಹುಡಿಯೂ ಬೂಸ್ಟೇ. ಜೀವ ಇರುವ ಬೂಸ್ಟು. ಹುಳದ ಮೈಮೇಲೆ ಬೆಳೆದು, ಒಳಗೆ ಇಳಿದು, ಅದನ್ನು ಕೊಲ್ಲುವಂಥದ್ದು. ನೀವು ಡ್ರಮ್ಮಿನಲ್ಲೇ ಅದನ್ನು ಕೊಂದ್ರಿ."

ಇಡೀ ಜೀವಮಾನ ಬೂಸ್ಟು ಕೊಂದೇ ಅನ್ನ ತಿಂದವನಿಗೆ ಈ ಮಾತು ಅರ್ಥವಾಗಲು ಯಾವ ವಿಜ್ಞಾನವೂ ಬೇಕಿರಲಿಲ್ಲ. ಅವನು ಹಳದಿ ರಿಬ್ಬನಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ನೀವು ಒಂದು ಮಾತು ಹೇಳ್ಬಹುದಿತ್ತು ಮೇಡಂ."

"ಹೇಳ್ಬಾರ್ದಂತ ರೂಲ್ಸ್."

"ಅದು ಗೆಲ್ಬೇಕಂತ ನಿಮಗೆ ಆಸೆ ಇರ್ಲಿಲ್ವಾ?"

"ನನಗೆ ಯಾವ ಆಸೆಯೂ ಇರಬಾರ್ದು. ಅದಕ್ಕೇ ಸಂಬಳ ಕೊಡುದು." ಅವಳು ಎದ್ದು ಭೂತಗನ್ನಡಿಯನ್ನು ಚೀಲಕ್ಕೆ ಹಾಕಿದಳು. "ಈ ಗುಡ್ಡೆಯ ಪರೀಕ್ಷೆ ಕೆಟ್ಟುಹೋಯ್ತು ಅಂತ ಬರೀತೇನೆ. ಇನ್ನೊಂದು ಕಡೆ ಹೊಸದಾಗಿ ಮಾಡ್ತಾರೆ. ಇಲ್ಲಿಗೆ ಮತ್ತೆ ಬರ್ಲಿಕ್ಕಿಲ್ಲ."

ಅವನು ನೇರ ಹಾಜಿಯ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹಾಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈಗ ಇನ್ನೊಮ್ಮೆ ಆ ಹುಡಿ ಹೊಡೆಯುವ ರವೂಫಾಕ. ಬರೀ ಹುಡಿ. ಕೂಲಿ ಬೇಡ ನನಗೆ."

"ಹುಳ ಸಾಯ್ತದೆ ಅಂತ ಗ್ಯಾರಂಟಿ ಯಾರು ಕೊಡುದು? ನೀನಾ?"

ಆ ಗ್ಯಾರಂಟಿ ಕೊಡಬಹುದಾಗಿದ್ದ ಮರಗಳನ್ನು ಉದಯನೇ ಕೆಡಿಸಿದ್ದ.

"ಹೂ ಕಾಯುದಿಲ್ಲ ಉದಯ. ನಾಳಿದ್ದು ಕೆಮಿಕಲ್ ಹೊಡೆಸ್ಬೇಕು. ಬರುವ ವರ್ಷ ನೋಡುವ." ಫೋನ್ ಕೈಗೆತ್ತಿಕೊಂಡು ಕೇಳಿದರು. "ಪವರ್ ಸ್ಪ್ರೇಯರಿನವರಿಗೆ ಹೇಳ್ಲಾ, ನೀನು ಮಾಡ್ತೀಯಾ?"

ಪವರ್ ಸ್ಪ್ರೇಯರಿನವರ ಕೆಲಸ ಉದಯನಿಗೆ ಗೊತ್ತಿತ್ತು. ಅವರು ಗಾಳಿ ನೋಡುವವರಲ್ಲ. ಬೆಳಗಿನ ಚಹಾದೊಳಗೆ ಗುಡ್ಡೆ ಮುಗಿಸಿ ಇನ್ನೊಂದು ಗುಡ್ಡೆಗೆ ಹೋಗುವವರು. "ನಾನೇ ಹೊಡೀತೇನೆ" ಎಂದ. "ಮನೆ ಬದಿಯ ಎರಡು ಸಾಲು ಬಿಡ್ತೇನೆ."

"ಬಿಡು. ಆ ಎರಡು ಸಾಲು ಹೋದ್ರೆ ಹೋಗ್ಲಿ."

ದೇವಮ್ಮ ಎಲ್ಲ ಕೇಳಿ ಒಂದೇ ಮಾತು ಹೇಳಿದಳು. "ಸುಮ್ನೆ ಇದ್ದಿದ್ರೆ ಸಾಕಿತ್ತ್." ಭವಿತಾಳನ್ನು ಬೇರೆಡೆಗೆ ಒಯ್ಯುವ ಮಾತು ಬಂತು, ಹೋಯಿತು. ನಾತ ಗುಡ್ಡೆ ಬಿಟ್ಟು ಹೋಗಲು ವಾರಗಳು ಬೇಕು. ಗುತ್ತಿಗಾರಿನ ಮಾವನ ಮನೆಯಲ್ಲಿ ಹಿಂದಿನ ವರ್ಷ ಅವಳನ್ನು ಇಟ್ಟ ಮೂರನೇ ದಿನಕ್ಕೇ, ಮಕ್ಕಳು ಹೆದರುತ್ತವೆ ಎಂದು ಅತ್ತೆ ಹೇಳಿದ್ದಳು. ತಾಯಿ ಮಗ ಸೇರಿ ಕಿಟಕಿಗಳಿಗೆ ಒದ್ದೆ ಗೋಣಿ ಬಡಿದರು. ಬಾವಿಗೆ ಟಾರ್ಪಾಲು ಹೊದೆಸಿದರು.

ಹೊಡೆಯುವ ದಿನ ಉದಯ ಬಾಟಲಿಯ ಮೇಲಿನ ಸಣ್ಣಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಬೆಳಕು ಹರಿಯುವಾಗ ಎಲೆ ಅಲುಗುತ್ತಿರಲಿಲ್ಲ. ತುದಿಯಿಂದ ಶುರುಮಾಡಿ ಕೆಳಗೆ ಬಂದ. ಹನಿ ದಪ್ಪ ಬೀಳುವಂತೆ ಜೆಟ್ಟು ತಿರುಗಿಸಿ, ಮನೆಗೆ ಬೆನ್ನು ಹಾಕಿ ಹೊಡೆದ. ಗುಡ್ಡೆ ಅರ್ಧವಾಗುವಾಗ ಕುತ್ತಿಗೆಗೆ ತಣ್ಣಗೆ ತಾಗತೊಡಗಿದ್ದ ಗಾಳಿ ಮುಖಕ್ಕೆ ತಿರುಗಿತು. ಪಂಪು ನಿಲ್ಲಿಸಿದ. ಆದರೆ ಮುಂಚೆಯೇ ಹೊಡೆದದ್ದು ಮಂಜಿನಂತೆ ಎದ್ದು, ಅವನು ಬಿಟ್ಟಿದ್ದ ಎರಡು ಸಾಲನ್ನು ದಾಟಿ, ಕೆಳಗಿನ ಹಂಚಿನ ಮಾಡಿನ ಕಡೆಗೆ ಇಳಿಯಿತು. ಅದನ್ನು ಹಿಡಿದು ನಿಲ್ಲಿಸುವ ವಿದ್ಯೆ ಯಾವ ಮದ್ದು ಬಿಡುವವನಲ್ಲೂ ಇಲ್ಲ.

ಅವನು ಓಡಿ ಇಳಿದ. ತೋಡಿನಲ್ಲಿ ಮುಳುಗಿ, ಸೋಪು ಹಚ್ಚಿ, ಬಟ್ಟೆಯನ್ನು ಅಲ್ಲೇ ಬಿಟ್ಟು, ದಂಡೆಯಲ್ಲಿ ಇಟ್ಟಿದ್ದ ಬೈರಾಸು ಟವೆಲು ಸುತ್ತಿ ಅಂಗಳಕ್ಕೆ ಬಂದ. ಹೆಜ್ಜೆ ಕೇಳಿ ಒಳಗಿನಿಂದ ಭವಿತಾಳ ಸ್ವರ ಬಂತು. ದೇವಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನೀ ಒಳಗೆ ಬರ್ಬೇಡ. ನಾತ ಉಟ್ಟು."

"ಮಿಂದಾತವ್ವ."

"ಆದ್ರೂ ಉಟ್ಟು."

ಅಷ್ಟರಲ್ಲಿ ಸ್ವರ ನಿಂತಿತು. ಆಮೇಲೆ ಮಂಚದ ಕಾಲು ನೆಲಕ್ಕೆ ಬಡಿಯತೊಡಗಿತು.

ನೆರೆಮನೆಯ ಅವಿನ್‌ನ ಆಟೋ ಬರುವವರೆಗೂ ಅದು ಬಡಿಯುತ್ತಲೇ ಇತ್ತು. ಉದಯ ಮುಂದೆ ಹೋದ, ಹಿಂದೆ ಬಂದ, ಕೈಗಳನ್ನು ಬೈರಾಸಿಗೆ ಒರೆಸಿದ. ಅರುವತ್ತು ದಾಟಿದ ದೇವಮ್ಮ ಮಗಳ ಕಂಕುಳಿಗೆ ಕೈ ಹಾಕಿದಳು, ಅವಿನ್ ಕಾಲು ಹಿಡಿದ. ಮೆಟ್ಟಿಲಲ್ಲಿ ದೇವಮ್ಮ ಮುಗ್ಗರಿಸಿದಾಗ ಉದಯನ ಕೈ ತಾನಾಗಿ ಚಾಚಿತು.

"ಮುಟ್ಬೇಡ" ಎಂದಳು ದೇವಮ್ಮ.

ಅವನು ಅಂಗಳದ ಹಗ್ಗದಿಂದ ಅಂಗಿ ಲುಂಗಿ ಎಳೆದು ತೊಟ್ಟು ಬೈಕಿನಲ್ಲಿ ಹಿಂದೆ ಹೋದ. ಪುತ್ತೂರಿನ ಆಸ್ಪತ್ರೆಯಲ್ಲೂ ಬಾಗಿಲ ಹೊರಗೇ ನಿಂತ. ಸ್ವಲ್ಪ ಹೊತ್ತಿಗೆ ಹೊರಗೆ ಬಂದ ಡಾಕ್ಟರು ಯಾವ ಮದ್ದು ಎಂದು ಕೇಳಿದರು. ಉದಯ ಹೆಸರು ಹೇಳಿದ, ಎಷ್ಟು ನೀರಿಗೆ ಎಷ್ಟು ಎಂದು ಹೇಳಿದ, ಗಾಳಿ ಯಾವ ಹೊತ್ತಿಗೆ ತಿರುಗಿತು ಎಂದೂ ಹೇಳಿದ. ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಇಷ್ಟು ಸರಿಯಾಗಿ ಹೇಗೆ ಗೊತ್ತು? ಹೊಡೆದದ್ದು ಯಾರು?"

"ನಾನೇ."

"ಒಳಗಿರುವವಳು ನಿನಗೆ ಎಂತ ಆಗ್ಬೇಕು?"

"ತಂಗಿ."

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಒಳಗಿನಿಂದ ನರ್ಸ್ ಕರೆದಳು. ಅವರು ಓಡಿದರು. ಬಾಗಿಲು ಹಿಂದಕ್ಕೂ ಮುಂದಕ್ಕೂ ಆಡಿ ನಿಂತಿತು. ಅದರಾಚೆಯಿಂದ ಮೊದಲು ಡಾಕ್ಟರ ಮಾತು ನಿಂತಿತು, ಆಮೇಲೆ ದೇವಮ್ಮನ ಅಳು ಎದ್ದಿತು. ಬಾಗಿಲು ತಳ್ಳಲು ಉದಯ ಕೈ ಎತ್ತಿದ. ಇನ್ನು ಅವಳನ್ನು ಮುಟ್ಟಿದರೂ ಆಗುತ್ತಿತ್ತು.