ವಾಸಪ್ಪ ಮೇಷ್ಟ್ರು ಮತ್ತು ಹರಳುಗಟ್ಟಿದ ಜೇನು

ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ, ‘ಕೊಪ್ಪದ ಬಸ್ಸು ಬರ್ತದಾ ಸಾರ್?’ ಎಂದು ಕೇಳಿದರೆ ವಾಸಪ್ಪ ಮೇಷ್ಟ್ರು ಕತ್ತು ಉದ್ದ ಮಾಡಿ ರಸ್ತೆಯತ್ತ ನೋಡಿ, ‘ನಿನ್ನೆ ಬಂದಿತ್ತು’ ಎನ್ನುತ್ತಾರೆ. ಬರುತ್ತದೆ ಎನ್ನುವುದಿಲ್ಲ, ಬರುವುದಿಲ್ಲ ಎನ್ನುವುದೂ ಇಲ್ಲ. ಕೇಳಿದವರು ತಲೆ ಚಚ್ಚಿಕೊಂಡು ಪಕ್ಕದವರನ್ನು ಕೇಳುತ್ತಾರೆ.

ಇಪ್ಪತ್ತೆರಡು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿರುವ ಈ ಮನುಷ್ಯ ಮಳೆಗಾಲ, ಬೇಸಿಗೆ ಎನ್ನದೆ ತೊಡುವುದು ಒಂದೇ ಕಂದು ಕೋಟು. ಅದರ ಎಡಜೇಬಿನಲ್ಲಿ ಸೀಮೆಸುಣ್ಣ, ಬಲಜೇಬಿನಲ್ಲಿ ಕರವಸ್ತ್ರ ಸುತ್ತಿದ ಥರ್ಮಾಮೀಟರು. ಗಾಜು ಒಡೆದೀತೆಂಬ ಭಯಕ್ಕೆ ಬಲಗೈಯನ್ನು ಮೈಯಿಂದ ತುಸು ದೂರ ಹಿಡಿದೇ ನಡೆಯುತ್ತಾರಾದ್ದರಿಂದ, ಹಿಂದಿನಿಂದ ಕಂಡವರಿಗೆ ಒಂದೇ ಕಡೆ ರೆಕ್ಕೆ ಮೂಡಿದ ಹಕ್ಕಿಯೊಂದು ಏರು ಹತ್ತುತ್ತಿರುವಂತೆ ತೋರುತ್ತದೆ. ದ್ರವ್ಯದ ಸ್ಥಿತಿಗಳ ಪಾಠ ಬಂತೆಂದರೆ ಅವರು ಮೀನಿನ ಅಂಗಡಿಯ ಫಾಜಿಲನಿಂದ ಮಂಜುಗಡ್ಡೆ ತರುತ್ತಾರೆ. ಅದು ಕರಗಿ ನೀರಾಗಿ, ಆ ನೀರು ಕುದಿದು ಆವಿಯಾಗುವ ಹೊತ್ತಿಗೆ ತರಗತಿಯೆಲ್ಲ ಬಂಗುಡೆಯ ವಾಸನೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ, ‘ಸಾರ್, ಮೀನು ಯಾವ ಸ್ಥಿತಿ?’ ಎಂದ. ‘ಬೆಳಿಗ್ಗೆ ಘನ. ಮಧ್ಯಾಹ್ನದ್ದು ನಿಮ್ಮಮ್ಮನ್ನ ಕೇಳಿ ನಾಳೆ ಬರಕೊಂಡು ಬಾ’ ಎಂದರು ಮೇಷ್ಟ್ರು, ನಗದೆ. ನೋಡು, ಊಹಿಸು, ಪರೀಕ್ಷಿಸು, ಆಮೇಲೆ ಬಾಯಿಬಿಡು: ಇದು ಅವರ ತರಗತಿಯ ಗೋಡೆಯ ಮೇಲಿರುವ ಬರಹ.

ಇಂಥ ಮನುಷ್ಯ ಬದುಕಿನಲ್ಲಿ ಒಮ್ಮೆ, ಪರೀಕ್ಷಿಸುವ ಮೊದಲೇ ಬಾಯಿಬಿಟ್ಟರು.

ಅದು ಡಿಸೆಂಬರಿನ ಒಂದು ಸಂಜೆ. ಎಂಟನೆಯ ತರಗತಿಯ ನಿಶ್ಚಿತಾ ಮನೆಯಿಂದ ಜೇನಿನ ಬಾಟ್ಲಿಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಕೆಳಗಿನರ್ಧ ಬಿಳಿಯ ಹರಳು, ಮೇಲಿನರ್ಧ ಹೊಂಬಣ್ಣದ ಪಾಕ. ‘ಸಾರ್, ಇದು ಘನವಾ, ದ್ರವವಾ?’ ಅಷ್ಟರಲ್ಲಿ ಕೊನೆಯ ಗಂಟೆ ಹೊಡೆಯಿತು, ಬಸ್ಸಿನ ಹಾರ್ನ್ ಕೇಳಿಸಿತು. ಮೇಷ್ಟ್ರು ಕೊಡೆ ಎತ್ತಿಕೊಳ್ಳುತ್ತಲೇ, ‘ಸಕ್ಕರೆ ಬೆರೆಸಿದ್ದಾರೆ, ಅಷ್ಟೇ’ ಎಂದುಬಿಟ್ಟರು. ಬಾಟ್ಲಿಯ ಮೇಲೆ ಮಜೀದಾ ಸ್ಟೋರ್ಸ್ ಎಂಬ ಚೀಟಿಯಿತ್ತು. ಬೇರೆ ಯಾರಾದರೂ ಹೇಳಿದ್ದರೆ ಅದು ಗಾಳಿಮಾತಾಗಿ ಹೋಗುತ್ತಿತ್ತು. ಬಸ್ಸು ಬರುತ್ತದೆಂದು ಸಹ ಹೇಳದ ವಾಸಪ್ಪ ಮೇಷ್ಟ್ರು ಹೇಳಿದರೆಂದ ಮೇಲೆ ಊರು ಎರಡನೆಯ ಸಲ ಯೋಚಿಸಲಿಲ್ಲ. ವಾರದೊಳಗೆ ಮಜೀದಾಳ ಅಂಗಡಿಯಲ್ಲಿ ಜೇನು ಕೇಳುವವರಿಲ್ಲವಾದರು. ಆಮೇಲೆ ಅವಳ ಅರಿಶಿನಪುಡಿಯನ್ನೂ ಬೆರಳಿಂದ ಉಜ್ಜಿ ನೋಡತೊಡಗಿದರು.

ಸೋಮವಾರ ಮಜೀದಾ ಶಾಲೆಗೇ ಬಂದಳು.

‘ನನ್ನ ಜೇನಲ್ಲಿ ಸಕ್ಕರೆ ಉಂಟು ಅಂದಿದ್ದು ನೀವಾ ಸಾರ್?’

‘ಹೌದು.’

‘ನಾನು ಹಾಕಿದ್ದು ಕಂಡ್ರಾ?’

‘ಇಲ್ಲ.’

‘ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾದ್ರೆ, ಎಂತಾ ಚಳಿ ಮಾರಾಯ ಅಂತೀರಿ. ಜೇನು ಗಟ್ಟಿಯಾದ್ರೆ ಮಾತ್ರ ಮಜೀದಾ ಕಳ್ಳಿಯಾ?’

‘ಎಣ್ಣೆ ಹೆಪ್ಪುಗಟ್ಟೋದು ಬೇರೆ, ಜೇನಿಂದು ಬೇರೆ ಇರ್ಬಹುದು ಮಜೀದಕ್ಕ.’

‘ಅದೆಲ್ಲ ನಂಗೆ ಬೇಡ. ಸಕ್ಕರೆ ಇಲ್ಲ ಅಂತ ಒಂದ್ಮಾತು ಹೇಳಿ.’

‘ಅದೂ ಗೊತ್ತಿಲ್ಲ.’

‘ಓಹೋ! ಇಲ್ಲ ಅನ್ನಕ್ಕೆ ಗೊತ್ತಿರ್ಬೇಕು, ಉಂಟು ಅನ್ನಕ್ಕೆ ಬೇಡ್ವಾ?’

ಮರುದಿನ ಮೇಷ್ಟ್ರು ತರಗತಿಯಲ್ಲಿ ನಿಂತು, ‘ನಾನು ತಿಳಿಯದೆ ಹೇಳಿದೆ, ಆ ಜೇನಿನ ವಿಷಯ ನನಗೆ ಗೊತ್ತಿಲ್ಲ’ ಎಂದರು. ಆದರೆ ಊರಿನ ಲೆಕ್ಕದಲ್ಲಿ, ಗೊತ್ತಿಲ್ಲ ಎಂದರೆ ಪಾಪ ಆ ಹೆಂಗಸು ಅತ್ತಳಂತೆ, ಮೇಷ್ಟ್ರು ಮುಚ್ಚಿಹಾಕಿದರಂತೆ ಎಂದು ಅರ್ಥ. ಶುದ್ಧ ಜೇನೂ ಹರಳುಗಟ್ಟುತ್ತದೆಂದು ಪುಸ್ತಕದಲ್ಲಿತ್ತು. ‘ಅದನ್ನೇ ಓದಿ ಹೇಳಿ ಮುಗ್ಸಿ ಮಾರಾಯ್ರೆ’ ಎಂದರು ಗಣಿತದ ರಘುಪತಿ ಮೇಷ್ಟ್ರು. ‘ಪುಸ್ತಕದ ಜೇನು ಸರಿ. ಈ ಕಡೆಯದ್ದು?’ ಎಂದರು ವಾಸಪ್ಪ ಮೇಷ್ಟ್ರು.

ಬೇಸಿಗೆಯಲ್ಲಿ ಜೇನು ತೆಗೆಯುವ ಕಾಲ ಬಂದಾಗ ಮೇಷ್ಟ್ರು ನೆಮ್ಮಾರಿಗೆ ಹೋದರು. ಮಜೀದಾಳಿಗೆ ಜೇನು ಕೊಡುವ ವೆಂಕಟಯ್ಯನ ಮನೆ ಅಲ್ಲಿ. ಜೇನುಪೆಟ್ಟಿಗೆಯಿಂದ ಗೂಡಿನ ಎರಿ ತೆಗೆದು, ಮೇಲಿನ ಮೇಣ ಕೆತ್ತಿ, ಯಂತ್ರದಲ್ಲಿ ತಿರುಗಿಸಿ ಜೇನು ಇಳಿಸುವವರೆಗೂ ಕಣ್ಣು ಕೀಳದೆ ಕೂತು, ಮೂರು ಕಡೆ ಕುಟುಕಿಸಿಕೊಂಡು, ತಾವೇ ಒಂದು ಬಾಟ್ಲಿ ತುಂಬಿಸಿಕೊಂಡರು. ಅದೇ ಜೇನು ಮಜೀದಾಳ ಅಂಗಡಿಗೆ ಬಂದ ಮೇಲೆ ಅಲ್ಲಿಂದೊಂದು ಬಾಟ್ಲಿ ಕೊಂಡರು. ಮೂರನೆಯದರಲ್ಲಿ ತಮ್ಮ ಜೇನಿಗೆ ತಮ್ಮ ಕೈಯಾರೆ ಸಕ್ಕರೆ ಪಾಕ ಬೆರೆಸಿದರು. ಮೂರಕ್ಕೂ ಕಾಗದ ಸುತ್ತಿ, ಅಂಟು ಹಚ್ಚಿ, ಹೆಡ್‌ಮಾಸ್ತರರ ರುಜು ಹಾಕಿಸಿ ಬೀರುವಿನಲ್ಲಿಟ್ಟು ಬೀಗ ಜಡಿದರು. ಆ ನಡುವೆ ಮಜೀದಾ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಸಮಾಧಾನಕ್ಕಾದರೂ ಒಂದು ಮಾತು ಆಡಬಹುದಿತ್ತು, ಮೇಷ್ಟ್ರು ಆಡಲಿಲ್ಲ.

ಆಗಸ್ಟಿನ ಥಂಡಿಯಲ್ಲಿ ಬೀರು ತೆರೆದಾಗ, ಕಣ್ಣೆದುರೇ ತೆಗೆದ ಜೇನು ಅಡಿಯಿಂದ ಹರಳುಗಟ್ಟಿತ್ತು. ಮಜೀದಾಳದ್ದೂ ಹಾಗೆಯೇ. ಸಕ್ಕರೆ ಬೆರೆಸಿದ್ದು ಮಾತ್ರ ಏನೂ ಅರಿಯದಂತೆ ತೆಳ್ಳಗೆ ಹೊಳೆಯುತ್ತಿತ್ತು. ಫಲಿತಾಂಶ ಹೇಳುತ್ತೇನೆ, ಶಾಲೆಗೆ ಬನ್ನಿ ಎಂದು ಅವಳಿಗೆ ಹೇಳಿಕಳಿಸಿದರು. ‘ಹೆಸರು ಕೆಟ್ಟಿದ್ದು ನನ್ನ ಅಂಗಡಿದು. ಅಲ್ಲೇ ಬಂದು ಹೇಳಲಿ’ ಎಂದು ಉತ್ತರ ಬಂತು.

ಸಂತೆಯ ದಿನ ಮೇಷ್ಟ್ರು ಮೂರು ಬಾಟ್ಲಿಗಳನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಮಜೀದಾಳ ಅಂಗಡಿಯ ಹಲಗೆಯ ಮೇಲೆ ಸಾಲಾಗಿ ಜೋಡಿಸಿದರು. ಜನ ನೆರೆಯಿತು. ಹರಳುಗಟ್ಟಿದ ಒಂದು ಬಾಟ್ಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಥರ್ಮಾಮೀಟರು ಅದ್ದಿ, ಜೇನು ಮತ್ತೆ ನೀರಾಗುವುದನ್ನು ಅರ್ಧ ಗಂಟೆ ಎಲ್ಲರನ್ನೂ ಕಾಯಿಸಿ ತೋರಿಸಿದರು. ಆಮೇಲೆ ಹೇಳಿದರು: ‘ಗಟ್ಟಿಯಾಯ್ತು ಅಂದ ಮಾತ್ರಕ್ಕೆ ಸಕ್ಕರೆ ಅಂತಲ್ಲ. ನಾನು ಹೇಳಿದ್ದಕ್ಕೆ ಆಧಾರ ಇರ್ಲಿಲ್ಲ. ತಪ್ಪು ನಂದು.’

‘ಹಂಗಾರೆ ಹೋದ ವರ್ಷದ್ದೂ ಶುದ್ಧವೇ ಆಯ್ತಲ್ಲ ಸಾರ್?’ ಎಂದರು ಯಾರೋ, ಮಜೀದಾಳ ಪರವಾಗಿಯೇ.

‘ಅದನ್ನ ನಾನು ಪರೀಕ್ಷೆ ಮಾಡಿಲ್ಲ.’

ಜನ ಗೊಳ್ಳೆಂದು ನಕ್ಕರು. ಮಜೀದಾ ನಗಲಿಲ್ಲ. ‘ಇಷ್ಟು ಹೇಳಕ್ಕೆ ಎಂಟು ತಿಂಗಳಾ?’ ಎಂದಳು.

‘ಹೌದು. ಕೆಡಿಸಕ್ಕೆ ಮೂರು ಮಾತು ಸಾಕಾಗಿತ್ತು.’

‘ಇನ್ನು ನನ್ನ ಅಂಗಡಿ ಸಾಮಾನು ನಿಮ್ಮ ಕ್ಲಾಸಿಗೆ ಬರೋದು ಬೇಡ’ ಎಂದಳು ಮಜೀದಾ. ನಿಶ್ಚಿತಾಳ ತಾಯಿ ಚೀಲ ಚಾಚಿ, ‘ಆ ಗಟ್ಟಿಯಾದದ್ದೇ ಕೊಡು ಮಜೀದಕ್ಕ’ ಎಂದಾಗ ಅವಳು ಬಾಟ್ಲಿ ಒರೆಸಿಕೊಡಲು ತಿರುಗಿದಳು.

ಇಂಥವರ ಸಹವಾಸ ಸುಲಭವಲ್ಲ. ಸಾಂತ್ವನ ಬೇಕಾದ ಹೊತ್ತಿಗೆ ಅವರ ಕೈಯಲ್ಲಿ ಅದು ಇರುವುದಿಲ್ಲ, ಇಲ್ಲದ್ದನ್ನು ಇದೆಯೆಂದು ಕೊಡುವ ಉಪಾಯವೂ ಅವರಿಗೆ ತಿಳಿಯದು. ಅವರಿಂದ ತಪ್ಪಾಗುವುದಿಲ್ಲವೆಂದೂ ಅಲ್ಲ. ಅವರ ಅವಸರ ಉಳಿದವರ ಅವಸರಕ್ಕಿಂತ ಹೆಚ್ಚೇ ಕೆಡಿಸುತ್ತದೆ, ಏಕೆಂದರೆ ಜನ ಅವರನ್ನು ನಂಬಿರುತ್ತಾರೆ. ಆದರೆ ನಾವೆಲ್ಲ ನಮ್ಮ ತಪ್ಪುಗಳನ್ನು ಊರಿನ ಮರೆವಿಗೆ ಒಪ್ಪಿಸಿ ಸುಮ್ಮನಾಗುತ್ತೇವೆ. ಅವರು ಮಾತ್ರ ತಮ್ಮ ತಪ್ಪು ಬಿದ್ದ ಜಾಗವನ್ನು ಹುಡುಕಿಕೊಂಡು ಹೋಗಿ ಬಗ್ಗಿ ಎತ್ತುತ್ತಾರೆ, ಮತ್ತು ಎತ್ತಿದ್ದು ಎಷ್ಟೋ ಅಷ್ಟನ್ನೇ ಎತ್ತಿದೆ ಎನ್ನುತ್ತಾರೆ.